ಮೂರಡಿ ಕಟ್ಟೆ, ನಾಲ್ಕು ಜೋಳದ ಚೀಲ

ನಮ್ಮ ಊರ ಮನೆಯಲ್ಲಿ ಎತ್ತುಗಳೂ ನಾವೂ ಒಂದೇ ತಲೆಬಾಗಿಲಿನಿಂದ ಒಳಗೆ ಬರುತ್ತಿದ್ದೆವು. ನವಲಗುಂದ ಸೀಮೆಯ ಮಣ್ಣಿನ ಮಾಳಿಗೆಯ ಮನೆಗಳನ್ನು ಕಂಡವರಿಗೆ ಇದು ಹೊಸ ಸುದ್ದಿಯಲ್ಲ. ಬಾಗಿಲು ದಾಟಿದ ಕೂಡಲೇ ದಂದಕ್ಕಿ, ದನ ಕಟ್ಟುವ ಜಾಗ. ಅದಕ್ಕೆ ತಗುಲಿದಂತೆ ಮೂರಡಿ ಎತ್ತರದ ಕಟ್ಟೆ, ಆ ಕಟ್ಟೆಯ ಮೇಲೆ ಪಡಸಾಲೆ. ಉಣ್ಣುವುದು, ಮಲಗುವುದು, ಬೀಗರು ಬಂದರೆ ಮಾತಿಗೆ ಕೂರುವುದು ಎಲ್ಲ ಅಲ್ಲೇ. ಕಟ್ಟೆಯ ಅಂಚಿಗೆ ಉದ್ದಕ್ಕೂ ಕಲ್ಲು ಕೂಡಿಸಿದ್ದರು. ಅದರ ಕೆಳಗೆ ಎತ್ತುಗಳು ಗ್ವಾದಲಿಗೆ ಬಾಯಿ ಹಾಕಿ ಕಣಕಿ ತಿನ್ನುತ್ತ ನಮ್ಮನ್ನು ನೋಡುತ್ತಿದ್ದವು.

ತಮ್ಮ ಹುಟ್ಟಿದ್ದು 1974ರಲ್ಲಿ. ಆಗ ನನಗೆ ಹತ್ತು ವರ್ಷ. ಅವನು ತೆವಳುವವರೆಗೆ ಆ ಅಂಚಿನ ಬಗ್ಗೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಂಡಿರಲಿಲ್ಲ. ತೆವಳುತ್ತ ಬಂದು ಕಲ್ಲಿನ ಮೇಲೆ ಎರಡೂ ಅಂಗೈ ಊರಿ, ಕೆಳಗೆ ಎತ್ತಿನ ಮುಖ ನೋಡಿ, ಹಿಂದಕ್ಕೆ ಸರಿಯುತ್ತಿದ್ದ. ಅಂಚು ಅವನಿಗೆ ಗೊತ್ತಾಗಿದೆ ಎಂದು ನಾವೆಲ್ಲ ತಿಳಿದೆವು. ಒಂದು ದಿನ ಪಡಸಾಲೆಯ ಕಂಬ ಹಿಡಿದು ಎದ್ದು ನಿಂತ. ನಿಂತವನು ಕಂಬ ಬಿಟ್ಟು ಆಯಿಯ, ಅಂದರೆ ನಮ್ಮ ಅಜ್ಜಿಯ, ಸೀರೆಯ ಸೆರಗು ಹಿಡಿದ, ಸೆರಗು ಬಿಟ್ಟು ನನ್ನ ಲಂಗ ಹಿಡಿದ. ಮರುದಿನವೇ ಅದೇ ಅಂಚಿನತ್ತ ಕಣ್ಣೆತ್ತಿಯೂ ನೋಡದೆ ಕಾಲು ಚಾಚಿದ್ದನ್ನು ಆಯಿ ಕಂಡಳು. ರಟ್ಟೆ ಹಿಡಿದು ಎಳೆದುಕೊಂಡಳು. ನಾಲ್ಕು ಕಾಲಿನ ಮೇಲೆ ಕಲಿತದ್ದು ಎರಡು ಕಾಲಿಗೆ ಬರಲಿಲ್ಲ ಎಂಬುದನ್ನು ಅವಳು ಆ ಕ್ಷಣಕ್ಕೇ ಹಿಡಿದಳು. ನಾನು ಅದನ್ನು ಬಹಳ ವರ್ಷಗಳ ಮೇಲೆ ಓದಿ ತಿಳಿದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕರೆನ್ ಅಡಾಲ್ಫ್ ಎಂಬ ಮನಶ್ಶಾಸ್ತ್ರಜ್ಞೆ ಮಕ್ಕಳನ್ನು ಇಳಿಜಾರು ಹಲಗೆಗಳ ಮೇಲೆ ಬಿಟ್ಟು ನೋಡಿದ್ದಾರೆ. ತೆವಳುವುದರಲ್ಲಿ ಪಳಗಿದ ಮಗು ಅಪಾಯದ ಇಳಿಜಾರು ಕಂಡರೆ ನಿಲ್ಲುತ್ತದೆ. ಅದೇ ಮಗು ಹೊಸದಾಗಿ ನಡೆಯತೊಡಗಿದಾಗ ಅದೇ ಇಳಿಜಾರಿಗೆ ಹಿಂದೆಮುಂದೆ ನೋಡದೆ ನುಗ್ಗುತ್ತದೆ. ಪಾಠ ಮತ್ತೆ ಮೊದಲಿನಿಂದ ಆಗಬೇಕು.

ಆಯಿ ಅಂದು ಸಂಜೆ ಅಪ್ಪನಿಂದ ನಾಲ್ಕು ಜೋಳದ ಚೀಲ ಹೊರಿಸಿ ತರಿಸಿ, ಹೊಲಕ್ಕೆ ಒಡ್ಡು ಹಾಕಿದ ಹಾಗೆ ಕಟ್ಟೆಯ ಅಂಚಿನುದ್ದಕ್ಕೂ ಅಡ್ಡಡ್ಡ ಮಲಗಿಸಿದಳು. ಕ್ವಿಂಟಲ್ ತೂಕದ ಚೀಲ, ಕೂಸು ನೂಕಿದರೆ ಅಲುಗುವುದಿಲ್ಲ. ಅಪ್ಪನಿಗೆ ಸಿಟ್ಟು. ಬಂದವರು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂರುವುದು ನಮ್ಮ ಕಡೆಯ ರೂಢಿ, ಈಗ ಕೂರಲು ಜಾಗವಿಲ್ಲ. ಆಯಿ ಅವನ ಮಾತಿಗೆ ಸೊಪ್ಪು ಹಾಕಲಿಲ್ಲ.

"ಈ ಅಂಚೊಂದ ಕಾದ್ರ ಸಾಕು. ಒಳಗ ಎಷ್ಟರ ಬೀಳಲಿ. ನೆಲಾ ಏನ್ ಹುಲಿ ಅಲ್ಲ" ಅಂದಳು.

ಒಳಗೆ ಅವನು ಬಿದ್ದ ಬೀಳುಗಳಿಗೆ ಲೆಕ್ಕವಿರಲಿಲ್ಲ. ಬೀಸುಕಲ್ಲಿನ ಗೂಟ ಹಿಡಿದು ಏಳುತ್ತಿದ್ದ, ಕಲ್ಲು ತಿರುಗಿದರೆ ಕೂಡಲೇ ಕುಂಡಿಯ ಮೇಲೆ ಕೂರುತ್ತಿದ್ದ. ಮಡಚಿಟ್ಟ ಕೌದಿಗಳ ರಾಶಿ ಹಿಡಿದು ಏಳುತ್ತಿದ್ದ, ಕೌದಿ ಜಾರಿ ಮೈಮೇಲೆ ಬೀಳುತ್ತಿತ್ತು. ಮೊದಮೊದಲು ನಾನು ಅವನು ಬಿದ್ದಾಗಲೆಲ್ಲ ಕಿಟಾರನೆ ಕಿರುಚುತ್ತಿದ್ದೆ. ಆಯಿ ಅಡುಗೆಮನೆಯಿಂದಲೇ ಗದರುತ್ತಿದ್ದಳು: "ಏ ಹುಡುಗಿ, ಒದರಬ್ಯಾಡ. ನಿನ್ನ ಮಾರಿ ನೋಡೇ ಅದು ಅಳತೈತಿ." ನಿಜವೇ. ಬಿದ್ದ ಮೇಲೆ ಅವನು ಮೊದಲು ನನ್ನ ಮುಖ ನೋಡುತ್ತಿದ್ದ. ನಾನು ಬಾಯಿ ತೆರೆದಿದ್ದರೆ ಅವನೂ ತೆರೆಯುತ್ತಿದ್ದ. "ಇರುವಿ ಸತ್ತು ನೋಡು, ಪಾಪ" ಎಂದರೆ ಇರುವೆ ಹುಡುಕಲು ಬಗ್ಗುತ್ತಿದ್ದ. ನೆಲಕ್ಕೆ ಹೊಡೆದು ಸಮಾಧಾನ ಮಾಡುವುದನ್ನು ಮಾತ್ರ ಆಯಿ ಒಪ್ಪುತ್ತಿರಲಿಲ್ಲ. ಉಣ್ಣುವ ನೆಲಕ್ಕೆ ಹೊಡೆಯಬಾರದು ಎಂಬುದು ಅವಳ ವಾದ. ಅದರಲ್ಲಿ ಶಿಶುಪಾಲನೆ ಎಷ್ಟು, ಭಕ್ತಿ ಎಷ್ಟು ಎಂದು ಬಿಡಿಸಿ ಹೇಳಲು ನನಗೆ ಇಂದಿಗೂ ಆಗುವುದಿಲ್ಲ.

ಅವನ ಕಾಲಿಗೆ ಗೆಜ್ಜೆ ಕಟ್ಟಿದ್ದು ಚೆಂದಕ್ಕೆ ಎಂದು ನಾನು ತಿಳಿದಿದ್ದೆ. ಅವ್ವ ಹೊಲಕ್ಕೆ ಹೋದ ಹೊತ್ತಿನಲ್ಲಿ ಆಯಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದಿನ ನಡುವೆಯೂ ಅವಳ ಕಿವಿ ಗೆಜ್ಜೆಯ ಮೇಲಿರುತ್ತಿತ್ತು. ಗೆಜ್ಜೆ ಸದ್ದು ಮಾಡುತ್ತಿದ್ದರೆ ಕೂತಲ್ಲಿಂದ ಏಳುತ್ತಿರಲಿಲ್ಲ. ಸದ್ದು ನಿಂತರೆ ಹಿಟ್ಟಿನ ಕೈಯಲ್ಲೇ ಎದ್ದು ಬರುತ್ತಿದ್ದಳು. ಸದ್ದಿಲ್ಲ ಅಂದರೆ ಅವನು ಏನನ್ನೋ ಹಿಡಿದು ನಿಂತಿದ್ದಾನೆ, ಇಲ್ಲವೇ ಬಾಯಿಗೆ ಏನನ್ನೋ ಹಾಕಿಕೊಂಡಿದ್ದಾನೆ.

ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ ಆಯಿ ಹಳೆಯ ಸೀರೆಯ ಒಂದು ತುದಿಯನ್ನು ಅವನ ಸೊಂಟಕ್ಕೂ ಇನ್ನೊಂದು ತುದಿಯನ್ನು ಕಂಬಕ್ಕೂ ಕಟ್ಟುತ್ತಿದ್ದಳು. ಹೊಲಗೆಲಸದ ಮನೆಗಳಲ್ಲಿ ಇದು ಸಾಮಾನ್ಯವಾಗಿತ್ತು. ಇದನ್ನು ಮಾತ್ರ ಯಾರೂ ಅನುಸರಿಸಬೇಡಿ. ಸೊಂಟದಲ್ಲಿದ್ದ ಬಟ್ಟೆ ಕೂಸು ಸುತ್ತು ಹಾಕಿದಾಗ ಕುತ್ತಿಗೆಗೆ ಬರಲು ಹೊತ್ತು ಬೇಕಿಲ್ಲ. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ ಎಂಬುದು ಅದೃಷ್ಟ, ಅದನ್ನು ಜಾಣತನವೆಂದು ಹೇಳಿಕೊಳ್ಳಲಾರೆ.

ನಿಲ್ಲಲು ಕಲಿತ ಕೂಸಿಗೆ ಕೂರಲು ಬರುವುದಿಲ್ಲ. ಇದನ್ನು ಮಕ್ಕಳ ಬಗೆಗಿನ ಪುಸ್ತಕಗಳಿಗಿಂತ ಮೊದಲು ರಾತ್ರಿಗಳು ಹೇಳಿಕೊಡುತ್ತವೆ. ಒಂದು ನಡುರಾತ್ರಿ ತಮ್ಮ ತೊಟ್ಟಿಲಿನ ಹಲಗೆ ಹಿಡಿದು ಎದ್ದು ನಿಂತು, ಕೂರುವುದು ಹೇಗೆಂದು ತಿಳಿಯದೆ ಗೋಳೋ ಎಂದು ಅಳುತ್ತಿದ್ದ. ಕೂಡಿಸಿದರೆ ಮತ್ತೆ ಏಳುತ್ತಿದ್ದ, ಮತ್ತೆ ಅಳುತ್ತಿದ್ದ. ಹಾಗೆ ಎದ್ದ ಮೊದಲ ರಾತ್ರಿಯೇ ಆಯಿ ತೊಟ್ಟಿಲನ್ನು ಬಿಚ್ಚಿಸಿ ಅವನನ್ನು ನೆಲಕ್ಕೆ ಇಳಿಸಿದಳು. ಹಲಗೆಯ ಮೇಲೆ ಎದೆ ಬಂದ ಕೂಸು ತೊಟ್ಟಿಲಿನಲ್ಲಿ ಇರಬಾರದು ಎಂಬುದು ಅವಳ ಕಟ್ಟಪ್ಪಣೆ. ತೂಗುವ ತೊಟ್ಟಿಲು ಒಂದು ಕಡೆಗೆ ವಾಲಿತೆಂದರೆ ಕೂಸಿನ ತಲೆ ಮೊದಲು ಹೊರಗೆ ಬರುತ್ತದೆ. ಕೂಸಿನ ದೇಹದಲ್ಲಿ ತಲೆಯ ಪಾಲು ಹೆಚ್ಚು. ಹುಟ್ಟಿದಾಗ ಮೈಯುದ್ದದ ಕಾಲುಭಾಗ ಬರಿಯ ತಲೆ, ದೊಡ್ಡವರಲ್ಲಿ ಎಂಟನೆಯ ಒಂದು ಭಾಗ. ಹಾಗಾಗಿ ಬೀಳುವಾಗ ತಲೆಯೇ ಮುಂದು.

ಆಯಿ ಕಲಿಸಿದ ಎಲ್ಲ ಪಾಠಗಳಲ್ಲಿ ನನಗೆ ಅತಿ ದೊಡ್ಡದೆನಿಸುವುದು ಇಳಿಯುವ ಪಾಠ. ಹತ್ತುವುದನ್ನು ಯಾರೂ ಕಲಿಸಬೇಕಿಲ್ಲ. ಇಳಿಯುವುದನ್ನು ಕಲಿಸಬೇಕು. ಪ್ರತಿ ಸಂಜೆ ಅಪ್ಪ ಎತ್ತುಗಳನ್ನು ನೀರಿಗೆ ಹೊಡೆದುಕೊಂಡು ಹೋದಾಗ ದಂದಕ್ಕಿ ಖಾಲಿಯಾಗುತ್ತಿತ್ತು. ಆಯಿ ಆಗ ಒಂದು ಚೀಲ ಸರಿಸಿ, ಕೆಳಗೆ ಕೌದಿ ಹಾಸಿ, ನನ್ನನ್ನು ಕೆಳಗೆ ನಿಲ್ಲಿಸುತ್ತಿದ್ದಳು. ತಮ್ಮನನ್ನು ಅಂಚಿನ ಹತ್ತಿರ ತಂದು, ತಿರುಗಿಸಿ, ಹೊಟ್ಟೆಯ ಮೇಲೆ ಮಲಗಿಸಿ ಕಾಲನ್ನು ಕೆಳಗೆ ಬಿಡಿಸುತ್ತಿದ್ದಳು. "ಮೊದಲ ಕುಂಡಿ, ಆಮ್ಯಾಗ ಮಾರಿ." ಕಾಲು ನೆಲಕ್ಕೆ ಎಟಕುವುದಿಲ್ಲ, ಗಾಳಿಯಲ್ಲಿ ಆಡಿಸುತ್ತಾನೆ, ಹೆದರಿ ಕಲ್ಲು ತಬ್ಬುತ್ತಾನೆ, ನಾನು ಹಿಡಿದು ಇಳಿಸುತ್ತೇನೆ. ಅವನಿಗೆ ಇದು ಆಟ. ಕೆಲವು ವಾರಗಳಲ್ಲಿ ಅವನು ಯಾವ ಅಂಚು ಬಂದರೂ, ಹೊಸ್ತಿಲಿಗೆ ಬಂದರೂ, ಆಯಿಯ ಮಣೆಗೆ ಬಂದರೂ, ನಿಂತು ಹಿಂದಕ್ಕೆ ತಿರುಗಿ ಹೊಟ್ಟೆಯ ಮೇಲೆ ಮಲಗುತ್ತಿದ್ದ. ನಾಲ್ಕು ಬೆರಳೆತ್ತರದ ಮಣೆಯಿಂದ ಅಷ್ಟು ಗಂಭೀರವಾಗಿ ಇಳಿಯುವ ಅವನನ್ನು ನೋಡಿ ಓಣಿಯ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಚೀಲಗಳ ಒಡ್ಡು ಮಾತ್ರ ಅವನು ಚೆನ್ನಾಗಿ ಓಡಾಡುವವರೆಗೆ ಅಲ್ಲೇ ಉಳಿಯಿತು. ಅವನು ಹೊಸ್ತಿಲು ದಾಟಿದ ದಿನ ನಮ್ಮ ಮನೆಯಲ್ಲಿ ಹೋಳಿಗೆಯಾಯಿತು.

ಮದುವೆಯಾಗಿ ಹುಬ್ಬಳ್ಳಿಗೆ ಬಂದೆ. ಬಾಡಿಗೆಯ ಮನೆ, ಮೇಲಿನ ಮಹಡಿ. ನೆಲಕ್ಕೆ ನುಣುಪಾದ ಮೊಸಾಯಿಕ್. ಮಗ ಹುಟ್ಟಿದ್ದು 1990ರಲ್ಲಿ. ಅಲ್ಲಿ ಎತ್ತೂ ಇರಲಿಲ್ಲ, ಕಟ್ಟೆಯೂ ಇರಲಿಲ್ಲ, ಆದರೆ ಒಂದು ವಸ್ತು ಮನೆಗೆ ಬಂತು. ನಾದಿನಿಯ ಮನೆಯಲ್ಲಿ ಎರಡು ಮಕ್ಕಳು ಕೂತು ಎದ್ದ ವಾಕರ್. ನಡುವೆ ಬಟ್ಟೆಯ ಆಸನ, ಸುತ್ತ ಪ್ಲಾಸ್ಟಿಕ್ ತಟ್ಟೆ, ಕೆಳಗೆ ಉರುಟಾದ ಚೌಕಟ್ಟಿಗೆ ಚಕ್ರಗಳು. "ಹಾಕಿ ಬಿಡ್ರಿ ವೈನಿ, ಲಗೂ ನಡೀತಾನ. ನಿಮ್ಮ ಕೆಲಸಾನೂ ಆಗತಾವ" ಅಂದಳು. ಒಳ್ಳೆಯ ಮನಸ್ಸಿನಿಂದಲೇ ತಂದಿದ್ದಳು.

ಆ "ಲಗೂ" ಎಂಬುದರ ಹಿಂದೆ ಎಂಥ ಒತ್ತಡವಿರುತ್ತದೆ ಎಂಬುದನ್ನು ತಾಯಂದಿರು ಬಲ್ಲರು. ಹತ್ತು ತಿಂಗಳಾಯಿತೆಂದರೆ ಸಾಕು, ಹಾಲಿನವನಿಂದ ಹಿಡಿದು ಅತ್ತೆಯ ತಂಗಿಯವರೆಗೆ ಎಲ್ಲರದೂ ಒಂದೇ ಪ್ರಶ್ನೆ: "ಇನ್ನೂ ನಿಂತಿಲ್ಲೇನು?" ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ತಿಂಗಳು ತಿಂಗಳು ಹಿಂಬಾಲಿಸಿ 2006ರಲ್ಲಿ ಒಂದು ವರದಿ ಪ್ರಕಟಿಸಿತು. ಅದರಲ್ಲಿ ದೆಹಲಿಯ ಮಕ್ಕಳೂ ಇದ್ದರು. ಆಸರೆಯಿಲ್ಲದೆ ಒಬ್ಬನೇ ನಿಲ್ಲುವುದು ಒಂದು ಮಗುವಿಗೆ ಏಳನೆಯ ತಿಂಗಳಿಗೇ ಬರಬಹುದು, ಇನ್ನೊಂದಕ್ಕೆ ಹದಿನೇಳನೆಯ ತಿಂಗಳ ಹತ್ತಿರ ಬರಬಹುದು, ಎರಡೂ ಸರಿಯೇ. ಒಬ್ಬನೇ ನಡೆಯುವುದಕ್ಕೂ ಎಂಟರಿಂದ ಹದಿನೇಳೂವರೆ ತಿಂಗಳವರೆಗಿನ ಅವಕಾಶ. ನೂರರಲ್ಲಿ ನಾಲ್ಕು ಮಕ್ಕಳು ಕೈ ಮೊಣಕಾಲು ಊರಿ ತೆವಳದೆಯೇ ನೇರ ಮುಂದಿನ ಹಂತಕ್ಕೆ ಹೋಗಿದ್ದರು. ನನ್ನ ಮಗನ ಕಾಲಕ್ಕೆ ಈ ಅಂಕಿಗಳು ನಮ್ಮ ಕೈಯಲ್ಲಿರಲಿಲ್ಲ. ಇದ್ದಿದ್ದರೆ ಹಾಲಿನವನ ಬಾಯಿಯನ್ನಾದರೂ ಮುಚ್ಚಿಸಬಹುದಿತ್ತು.

ಮಗ ಆ ವಾಕರಿನಲ್ಲಿ ಕೂರಲು ಒಪ್ಪಲಿಲ್ಲ. ಕೂಡಿಸಿದರೆ ಕಾಲು ಮಡಚಿ ಅಳುತ್ತಿದ್ದ. ಅದು ನನ್ನ ಬುದ್ಧಿವಂತಿಕೆಯಲ್ಲ, ಅವನ ಹಟ. ಅಲ್ಲಿಂದ ವಾಕರ್ ಪಕ್ಕದ ಮನೆಗೆ ಹೋಯಿತು. ಅವರ ಮಗಳಿಗೆ ಒಂಬತ್ತು ತಿಂಗಳು. ಆ ಹುಡುಗಿಗೆ ಅದು ಪ್ರಾಣ. ಕಾಲ್ಬೆರಳ ತುದಿಯಿಂದ ನೆಲ ಒದ್ದು ಮೊಸಾಯಿಕ್ ನೆಲದ ಮೇಲೆ ಸರ್ರನೆ ಹಜಾರದ ಈ ತುದಿಯಿಂದ ಆ ತುದಿಗೆ ಹೋಗಿ ಗೋಡೆಗೆ ಡಿಕ್ಕಿ ಹೊಡೆದು ನಗುವಳು. ಆ ಮನೆಗೂ ನಮ್ಮ ಮನೆಗೂ ನಡುವೆ ಮೆಟ್ಟಿಲ ಮೊಗಸಾಲೆ. ಒಂದು ಮಧ್ಯಾಹ್ನ ಅವರ ಬಾಗಿಲು ತೆರೆದಿತ್ತು. ತಾಯಿ ಹಜಾರದಲ್ಲೇ ಇದ್ದಳು, ಎರಡು ಮಾರು ದೂರದಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಚಕ್ರದ ಸದ್ದು ಕೇಳಿತು, ಆಮೇಲೆ ಮೆಟ್ಟಿಲ ಮೇಲಿನ ಸದ್ದು.

ವಾಕರಿನಲ್ಲಿರುವ ಮಗು ಒಂದು ಸೆಕೆಂಡಿನಲ್ಲಿ ಮೂರಡಿಗೂ ಹೆಚ್ಚು ದೂರ ಹೋಗಬಲ್ಲದು. ದೊಡ್ಡವರು ಈಳಿಗೆ ಬದಿಗಿಟ್ಟು ಏಳುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹುಡುಗಿ ವಾಕರಿನ ಸಮೇತ ನಾಲ್ಕೈದು ಮೆಟ್ಟಿಲು ಉರುಳಿ ತಿರುವಿನ ಗೋಡೆಗೆ ಹೋಗಿ ನಿಂತಿದ್ದಳು. ಕಿವಿಯ ಮೇಲ್ಭಾಗದಲ್ಲಿ ಮೆತ್ತಗಿನ ಬಾವು. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಆ ತಾಯಿ "ನಾ ಅಲ್ಲೇ ಇದ್ದೆ, ನಾ ಅಲ್ಲೇ ಇದ್ದೆ" ಎನ್ನುತ್ತಲೇ ಇದ್ದಳು. ಅವಳ ತಪ್ಪೇನೂ ಇರಲಿಲ್ಲ. ಮಗುವಿನ ಮೇಲೆ ಕಣ್ಣಿಟ್ಟಿರುವುದು ಬೇರೆ, ಚಕ್ರವನ್ನು ಹಿಡಿಯುವುದು ಬೇರೆ.

ರಾತ್ರಿಯಿಡೀ ಅಲ್ಲೇ ಇರಿಸಿಕೊಂಡು ನೋಡಿ ಬೆಳಗ್ಗೆ ಕಳಿಸಿದರು. ಹುಡುಗಿ ಗಟ್ಟಿ. ಅಲ್ಲಿನ ವೈದ್ಯರು ಕೇಳಿದ ಪ್ರಶ್ನೆಗಳು ನನಗೆ ಬಾಯಿಪಾಠವಾಗಿ ಉಳಿದವು. ಎಷ್ಟು ಎತ್ತರದಿಂದ ಬಿತ್ತು, ಬಿದ್ದ ಕೂಡಲೇ ಅತ್ತಿತೋ ಅಥವಾ ಕೆಲವು ಕ್ಷಣ ಎಚ್ಚರ ತಪ್ಪಿತ್ತೋ, ಬಾವು ಹಣೆಯ ಮೇಲೋ ಅಥವಾ ತಲೆಯ ಪಕ್ಕಕ್ಕೋ ಹಿಂದಕ್ಕೋ, ಯಾವತ್ತಿನ ಹಾಗೆ ಇದೆಯೋ ಇಲ್ಲವೋ. 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಹೆಚ್ಚುಕಡಿಮೆ ಇದೇ ಪ್ರಶ್ನೆಗಳನ್ನು ನಿಯಮವಾಗಿ ಕಟ್ಟಿಕೊಟ್ಟಿತು. ಉತ್ತರ ಅಮೆರಿಕದ 25 ತುರ್ತು ಚಿಕಿತ್ಸಾ ವಿಭಾಗಗಳಿಗೆ ತಲೆಗೆ ಪೆಟ್ಟು ಬಿದ್ದು ಬಂದ 42 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿ ಬರೆದದ್ದು. ಎರಡು ವರ್ಷದೊಳಗಿನ ಮಗು ಮೂರು ಅಡಿಗಿಂತ ಎತ್ತರದಿಂದ ಬಿದ್ದರೆ ಅದನ್ನು ಗಂಭೀರ ಬೀಳುವಿಕೆ ಎಂದು ಎಣಿಸಬೇಕು ಎನ್ನುತ್ತದೆ ಅದು. ಮೂರು ಅಡಿ. ಓದಿದಾಗ ನಮ್ಮ ಪಡಸಾಲೆಯ ಕಟ್ಟೆ ಕಣ್ಣ ಮುಂದೆ ಬಂತು. ಆಯಿಯ ಹತ್ತಿರ ಅಳತೆಪಟ್ಟಿ ಇರಲಿಲ್ಲ. ಇಡೀ ಮನೆಯಲ್ಲಿ ಅವಳು ಚೀಲ ಇಡಿಸಿದ್ದು ಆ ಒಂದೇ ಜಾಗಕ್ಕೆ.

ಮಗ ದೊಡ್ಡವನಾಗಿ ಕೆನಡಾಕ್ಕೆ ಹೋದ. ಮೊಮ್ಮಗಳು ಹುಟ್ಟಿದಾಗ ನಾನು ಹೊರಡುವ ತಯಾರಿಯಲ್ಲಿದ್ದೆ. ಇಲ್ಲಿಂದ ಏನೇನು ತರಲಿ ಎಂದು ಫೋನಿನಲ್ಲಿ ಪಟ್ಟಿ ಓದುವಾಗ ತಮಾಷೆಗೆ "ನಿನಗ ಬ್ಯಾಡಾಗಿದ್ದ ವಾಕರ್ ನಿನ್ನ ಮಗಳಿಗೆ ತರಲೇನು" ಅಂದೆ. "ಅವ್ವಾ, ಅದು ಇಲ್ಲಿ ಬಂದ್ ಐತಿ, ತಂದ್ರ ವಿಮಾನ ನಿಲ್ದಾಣದಾಗ ಕಸಗೋತಾರ" ಅಂದ. ನಾನು ನಂಬಲಿಲ್ಲ. ಆಮೇಲೆ ತಿಳಿಯಿತು, ಕೆನಡಾ 2004ರ ಏಪ್ರಿಲ್‌ನಿಂದ ಚಕ್ರದ ವಾಕರನ್ನು ಪೂರ್ತಿ ನಿಷೇಧಿಸಿದೆ. ಆಮದು, ಜಾಹೀರಾತು, ಮಾರಾಟ ಯಾವುದೂ ಇಲ್ಲ. ಮನೆಯ ಮುಂದೆ ಹಳೆಯ ಸಾಮಾನು ಹರಡಿ ಮಾರುವವರು ಕೂಡ ಅದನ್ನು ಮಾರುವಂತಿಲ್ಲ. ಪಕ್ಕದ ಅಮೆರಿಕದಲ್ಲಿ ನಿಷೇಧವಿಲ್ಲ. ಅಲ್ಲಿ 1990ರಿಂದ 2014ರವರೆಗೆ ಹದಿನೈದು ತಿಂಗಳೊಳಗಿನ 2 ಲಕ್ಷ 30 ಸಾವಿರ ಮಕ್ಕಳು ವಾಕರಿನಿಂದಾದ ಗಾಯಕ್ಕೆ ಆಸ್ಪತ್ರೆಯ ತುರ್ತು ವಿಭಾಗ ಸೇರಿದರು. ನಾಲ್ವರಲ್ಲಿ ಮೂವರು ಮೆಟ್ಟಿಲಿನಿಂದ ಉರುಳಿದವರು. ಹತ್ತರಲ್ಲಿ ಒಂಬತ್ತು ಗಾಯ ತಲೆಗೆ ಇಲ್ಲವೇ ಕುತ್ತಿಗೆಗೆ. ಇಷ್ಟೆಲ್ಲ ಮಾಡಿದ ಮೇಲೆ ಮಗು ಬೇಗ ನಡೆಯುವುದಾದರೂ ಉಂಟೇ ಎಂದರೆ ಅದೂ ಇಲ್ಲ. ಆಸನದಲ್ಲಿ ಜೋತುಬಿದ್ದ ಮಗು ತನ್ನ ತೂಕ ತಾನು ಹೊರುವುದಿಲ್ಲ, ತಟ್ಟೆ ಅಡ್ಡವಿರುವುದರಿಂದ ತನ್ನ ಕಾಲು ತನಗೆ ಕಾಣುವುದಿಲ್ಲ, ಸಮತೋಲನ ಕಲಿಯುವ ಅಗತ್ಯವೇ ಬೀಳುವುದಿಲ್ಲ. ನಡಿಗೆ ತಡವಾಗುವುದೇ ಹೆಚ್ಚು.

ಮಗನ ಮನೆಯೊಳಗೇ ಮರದ ಮೆಟ್ಟಿಲು. ಮೇಲ್ತುದಿಗೂ ಕೆಳತುದಿಗೂ ಒಂದೊಂದು ಪುಟ್ಟ ಗೇಟು. ಮೇಲಿನ ಗೇಟನ್ನು ಗೋಡೆಗೆ ಸ್ಕ್ರೂ ಹೊಡೆದು ಕೂರಿಸಲೇಬೇಕು, ಬರಿಯ ಒತ್ತಡದಲ್ಲಿ ನಿಲ್ಲುವ ಗೇಟು ಮಗು ಭಾರ ಹಾಕಿದರೆ ಕಿತ್ತು ಬರುತ್ತದೆ ಎಂದು ಮಗ ಭಾನುವಾರ ಪೂರ್ತಿ ಡ್ರಿಲ್ ಹಿಡಿದು ಕೂತಿದ್ದ. ಆ ಗೇಟು ತೆರೆದು ಮುಚ್ಚುವುದು ನನಗೆ ಕೊನೆಯವರೆಗೂ ಒಗ್ಗಲಿಲ್ಲ. ಮೊಮ್ಮಗಳು ಬೀಳುತ್ತಲೇ ಇದ್ದಳು. ನಾನು ಆಗಾಗ ಹೌಹಾರಿದರೆ ಸೊಸೆ ಅಡಾಲ್ಫ್ ಅವರದೇ ಇನ್ನೊಂದು ಅಧ್ಯಯನವನ್ನು ಓದಿ ಹೇಳಿದಳು: ಹನ್ನೆರಡರಿಂದ ಹತ್ತೊಂಬತ್ತು ತಿಂಗಳ ಮಕ್ಕಳು ತಮ್ಮಷ್ಟಕ್ಕೆ ಆಡುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತಾರೆ, 17 ಸಲ ಬೀಳುತ್ತಾರೆ. ಗಂಟೆಗೆ ಹದಿನೇಳು! ಅಷ್ಟು ಬೀಳುಗಳನ್ನು ಯಾವ ತಾಯಿ ತಡೆಯಬಲ್ಲಳು, ಯಾಕೆ ತಡೆಯಬೇಕು? ಗೇಟು ಹಾಕಿದ ಮೇಲೆ ಉಳಿದದ್ದು ಕಾರ್ಪೆಟ್ಟಿನ ನೆಲ. ಅದರ ಮೇಲೆ ಬೀಳುವುದು, ಏಳುವುದು ಅವಳಿಗೆ ಬಿಟ್ಟದ್ದು. ಅವಳಿಗೆ ನಾನು ಕಲಿಸಿದ್ದು "ಮೊದಲ ಕುಂಡಿ, ಆಮ್ಯಾಗ ಮಾರಿ" ಒಂದೇ. ಈಗಲೂ ಆ ಮಗುವಿಗೆ ಬರುವ ಅಚ್ಚ ಧಾರವಾಡದ ಕನ್ನಡ ಅಷ್ಟೇ ಇರಬೇಕು.

ತಮ್ಮನ ಮಗಳು ಬೆಂಗಳೂರಿನಲ್ಲಿದ್ದಾಳೆ, ಒಂಬತ್ತನೆಯ ಮಹಡಿ. ಅವಳ ಮಗನನ್ನು ನೋಡಲು ಹೋದಾಗ ಕೂಸಿನ ಬೆನ್ನಿಗೆ ಜೇನುಹುಳದ ಆಕಾರದ ದಿಂಬು ಕಟ್ಟಿದ್ದರು, ತಲೆಯ ಹಿಂಭಾಗಕ್ಕೆ ಆತುಕೊಳ್ಳುವಂಥದ್ದು. ಆನ್‌ಲೈನಿನಲ್ಲಿ ತರಿಸಿದ್ದಂತೆ. ನೋಡಲು ಬಹಳ ಮುದ್ದು. ಕೂಸು ಮುಂದಕ್ಕೆ ಬಿದ್ದು ಟೀಪಾಯಿಯ ಮೂಲೆಗೆ ಹಣೆ ಬಡಿಸಿಕೊಂಡಾಗ ದಿಂಬು ಬೆನ್ನ ಮೇಲೇ ಇತ್ತು. ಹಾಗೆಂದು ನಾನು ಆ ಹುಡುಗಿಯನ್ನು ಗೇಲಿ ಮಾಡಲಾರೆ. ಹಗಲೆಲ್ಲ ಕೂಸಿನೊಡನೆ ಒಬ್ಬಳೇ ಇರುವವಳು, ಗೆಜ್ಜೆಗೆ ಕಿವಿಗೊಡುವ ಆಯಿ ಆ ಮನೆಯಲ್ಲಿಲ್ಲ. ನಾನಿದ್ದ ವಾರದಲ್ಲಿ ಟೀಪಾಯಿಯನ್ನು ಬೇರೆ ಕೋಣೆಗೆ ಸಾಗಿಸಿದೆವು. ಎತ್ತರದ ಮಂಚದಿಂದ ಹಾಸಿಗೆಯನ್ನು ನೆಲಕ್ಕೆ ಇಳಿಸಿದೆವು. ಟಿವಿಯನ್ನು ಗೋಡೆಗೆ ಬಿಗಿಸಿದೆವು, ಡ್ರಾಯರುಗಳ ಕಪಾಟನ್ನೂ. ಕೆಳಗಿನ ಡ್ರಾಯರ್ ಎಳೆದು ಅದರ ಮೇಲೆ ನಿಲ್ಲುವ ಮಗು ಇಡೀ ಕಪಾಟನ್ನು ಮೈಮೇಲೆ ಎಳೆದುಕೊಳ್ಳುತ್ತದೆ. ಕಾಲುಚೀಲ ಬಿಚ್ಚಿಸಿದೆ, ಟೈಲ್ಸಿನ ಮೇಲೆ ಬರಿಗಾಲೇ ಹಿಡಿತ. ಬಾಲ್ಕನಿಯಲ್ಲಿದ್ದ ಹೂಕುಂಡ, ಮೋಡಾ ಎಲ್ಲ ಒಳಗೆ ಬಂದವು, ಕಠಡೆಯ ಪಕ್ಕ ಹತ್ತಲು ಏನೂ ಇರಬಾರದು. ಆ ಬಾಗಿಲಿಗೆ ದೊಡ್ಡವರ ಕೈಗಷ್ಟೇ ಎಟಕುವ ಚಿಲಕ ಬಿತ್ತು. ಜೇನುಹುಳದ ದಿಂಬನ್ನು ಕೂಸು ತಾನೇ ಆಟಿಕೆ ಮಾಡಿಕೊಂಡಿತು.

ಬಿದ್ದ ಮಗು ಕೂಡಲೇ ಅತ್ತು, ಹಾಲು ಕುಡಿದು, ಮತ್ತೆ ಆಟಕ್ಕೆ ಇಳಿದರೆ ಹಣೆಯ ಮೇಲಿನ ಉಬ್ಬಿಗೆ ಹೆದರಬೇಕಿಲ್ಲ. ಮೇಲಿಂದ ಮೇಲೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಸೆಳವು, ಕಿವಿ ಮೂಗಿನಿಂದ ರಕ್ತ ಅಥವಾ ನೀರಿನಂಥ ಸ್ರಾವ, ತಲೆಯ ಪಕ್ಕಕ್ಕೆ ಹಿಂದಕ್ಕೆ ಮೆತ್ತಗಿನ ಬಾವು, ಕ್ಷಣಕಾಲ ತಪ್ಪಿದ ಎಚ್ಚರ, ಮೂರಡಿಗಿಂತ ಎತ್ತರ: ಇವುಗಳಲ್ಲಿ ಒಂದಿದ್ದರೂ ಅರಿಸಿನ ಹಚ್ಚುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ. "ಯಾಕೋ ಇವತ್ತು ಇವನು ಇವನ ಹಾಗಿಲ್ಲ" ಎಂದು ತಾಯಿಗೆ ಅನಿಸಿದರೆ ಅದನ್ನೂ ವೈದ್ಯರಿಗೆ ಹೇಳಿ, ಲ್ಯಾನ್ಸೆಟ್‌ನ ಆ ಅಧ್ಯಯನದ ಪಟ್ಟಿಯಲ್ಲಿ ಅದೂ ಇದೆ.

ನಮ್ಮ ದೇಶದಲ್ಲಿ ಚಕ್ರದ ವಾಕರ್ ಈಗಲೂ ಅಂಗಡಿ ಅಂಗಡಿಯಲ್ಲಿ ಸಿಗುತ್ತದೆ, ನಾಮಕರಣಕ್ಕೆ ಉಡುಗೊರೆಯಾಗಿ ಬರುತ್ತದೆ, ಒಂದು ಮನೆಯ ಮಗು ಬೆಳೆದರೆ ಇನ್ನೊಂದು ಮನೆಗೆ ಹೋಗುತ್ತದೆ. ನಿಮ್ಮ ಅಟ್ಟದ ಮೇಲೂ ಒಂದಿದ್ದರೆ ದಯವಿಟ್ಟು ಯಾರಿಗೂ ಕೊಡಬೇಡಿ. ಗುಜರಿಗೆ ಹಾಕುವಾಗಲೂ ಚಕ್ರ ಮುರಿದು, ಆಸನದ ಬಟ್ಟೆ ಹರಿದು ಹಾಕಿ. ಇಡಿಯಾಗಿ ಕೊಟ್ಟರೆ ಗುಜರಿಯವನು ಅದನ್ನು ಒರೆಸಿ ಮತ್ತೊಬ್ಬರಿಗೆ ಮಾರುತ್ತಾನೆ.